ಮಲ್ಲಪ್ಪನ ಜೇಬಿನ ಗುಳಿಗೆ

ಖಟಕ್-ಖಟಕ್, ಖಟಕ್-ಖಟಕ್. ಬನಹಟ್ಟಿಯಲ್ಲಿ ನಮ್ಮ ಗೋಡೆಯಾಚೆ ಮಲ್ಲಪ್ಪನ ಸೀರೆ ನೇಯುವ ನಾಲ್ಕು ಪವರ್‌ಲೂಮುಗಳು ಓಡುವಾಗ ನನ್ನ ಅಡುಗೆಮನೆಯ ಕಪ್ಪು-ಬಸಿಗಳೂ ನಡುಗುತ್ತಿದ್ದವು. ಆ ಗದ್ದಲದಲ್ಲೂ ಎಳೆ ಹರಿದರೆ ಬೆನ್ನು ತಿರುಗಿಸಿ ನಿಂತವನಿಗೆ ಗೊತ್ತಾಗುತ್ತಿತ್ತು. "ಮೂರನೇದ್ದು ಅಳಾಕತ್ತೈತಿ" ಎಂದು ಹೋಗಿ ಗಂಟು ಹಾಕುತ್ತಿದ್ದ. ಆ ಗಂಟು ಕನ್ನಡಕ ಹಾಕಿಕೊಂಡು ಹುಡುಕಿದರೂ ನನಗೆ ಸಿಗುತ್ತಿರಲಿಲ್ಲ.

ಅಂಥವನು ಒಂದು ಮಧ್ಯಾಹ್ನ ಮಗ್ಗದ ಪಕ್ಕದಲ್ಲೇ ಫಿಟ್ಸ್ ಬಂದು ಬಿದ್ದ. ಜಮಖಂಡಿಯಲ್ಲಿ ಸ್ಕ್ಯಾನ್ ಆಯಿತು. ಕಾನ್ವೆಂಟಿನಲ್ಲಿ ಕಲಿತವಳು, ಇಂಗ್ಲಿಷ್ ಟೀಚರ್ ಆಗಿದ್ದವಳು ಎಂದು ರಿಪೋರ್ಟ್ ನನ್ನ ಕೈಗೇ ಬಂತು. ಮೆದುಳಿನಲ್ಲಿ ಒಂದು ಬಿಳಿ ಚುಕ್ಕೆ. ಲಾಡಿಹುಳುವಿನ ಹಳೆಯ ಇನ್ಫೆಕ್ಷನ್. ಹುಳು ಸತ್ತು ಸುಣ್ಣಗಟ್ಟಿದ ಕಲೆ. ಹಂದಿಯಿಂದ ಬರುವ ಹುಳು ಎಂದೂ ಹೇಳಿಬಿಟ್ಟೆ. ಎಂಥ ಸಿಲ್ಲಿ ಮಿಸ್ಟೇಕ್!

"ಸಾವಕಾಶ ಮಾತಾಡ್ರಿ ಅಕ್ಕಾರ! ನಮ್ಮ ಮನ್ಯಾಗ ಕೋಳಿ ತತ್ತೀನೂ ಒಡ್ಯಾಂಗಿಲ್ಲ."

"ಮಾಂಸ ತಿಂದದ್ದಕ್ಕಲ್ಲೋ. ಹೊಲಸು ಕೈಯಿಂದ, ತೊಳೀಲಾರದ ಪಲ್ಲೆದಿಂದ ಹುಳದ ತತ್ತಿ ಹೊಟ್ಟಿಗೆ ಹೋಗ್ತಾವು."

"ನಿಮಗ ತಿಳೀತೈತಿ. ರಬಕವಿ ಬೀಗರಿಗೆ ತಿಳೀತೈತೇನ್ರಿ?"

ಮಗಳ ಮದುವೆಯ ಮಾತುಕತೆ ರಬಕವಿಯಲ್ಲಿ ನಡೆದಿತ್ತು. ಸ್ಕ್ಯಾನಿನ ಫಿಲ್ಮು ಗೋಡೆಯ ಕ್ಯಾಲೆಂಡರಿನ ಹಿಂದೆ ಸೇರಿತು. ಫಿಟ್ಸ್ ಬರದಂತೆ ಡಾಕ್ಟರ್ ಬರೆದುಕೊಟ್ಟ ಗುಳಿಗೆ ಅಂಗಿಯ ಜೇಬಿನಲ್ಲಿ. ಕೇಳಿದವರಿಗೆಲ್ಲ "ಪಿತ್ತದ್ದು" ಎನ್ನುತ್ತಿದ್ದ.

ನನಗೋ ದಿನವೂ ಟೆನ್ಶನ್. ಮಗ್ಗ ನಿಂತ ಕೂಡಲೇ ಒಲೆ ಆರಿಸುತ್ತಿದ್ದೆ. ಓಡಿ ಹೋದರೆ ಆತ ಚಹಾ ಕುಡಿಯುತ್ತ ಕೂತಿರುತ್ತಿದ್ದ. "ಇನ್ನೂ ಅದೀನ್ರೀ!"

ವರ್ಷ ಕಳೆದರೂ ಫಿಟ್ಸ್ ಬರಲಿಲ್ಲ. "ಹುಳ ಸತ್ತೈತಿ ಅಂತ ನೀವ ಓದೀರಿ. ಸತ್ತದ್ದಕ್ಕ ಗುಳಿಗಿ ಯಾಕ?"

"ನಿನ್ನ ಗಂಟು ನನಗ ಕಾಣೂದಿಲ್ಲ. ಹಂಗಂತ ಸೀರ್ಯಾಗ ಇಲ್ಲೇನು? ಹುಳ ಹೋತು, ಕಲೆ ಉಳದೈತಿ. ಡಾಕ್ಟರ್ ಹೇಳೂತನಾ ಬಿಡಬ್ಯಾಡ."

ಬಿಟ್ಟಿದ್ದ. ನಿಶ್ಚಯದ ಓಡಾಟ, ಮನೆ ತುಂಬ ನೆಂಟರು, ಅವರೆದುರು ನುಂಗುವುದು ಬೇಡವೆಂದು ವಾರದಿಂದ ಬಿಟ್ಟಿದ್ದನೆಂದು ಹೆಂಡತಿ ಆಮೇಲೆ ಹೇಳಿದಳು. ನಿಶ್ಚಯದ ದಿನ ಬೀಗರ ಕಾಲಿಗೆ ನೀರು ತರಲು ಹಿತ್ತಲ ನೀರಿನ ಟಾಕಿಗೆ ಬಗ್ಗಿದವನು ಫಿಟ್ಸ್ ಬಂದು ತಲೆಕೆಳಗಾಗಿ ಒಳಗೇ ಬಿದ್ದ. ಜನ ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅವತ್ತು ಬೆಳಿಗ್ಗೆ ಗೋಡೆಯ ಮೇಲಿಂದ ಕೇಳಿದ್ದೆ: "ಗುಳಿಗಿ ತಗೊಂಡ್ಯಾ?"

ಇಸ್ತ್ರಿ ಮಾಡಿದ ಹೊಸ ಅಂಗಿಯ ಜೇಬನ್ನು ಎರಡು ಸಲ ತಟ್ಟಿ ನಕ್ಕ. "ಇವತ್ತೊಂದಿನಾ ಸಾಲಿ ಸೂಟಿ ಕೊಡ್ರಿ ಅಕ್ಕಾರ."

ಮೂವತ್ತು ವರ್ಷ, ತೆರೆದು ನೋಡದೆ ಒಂದು ಹೋಮ್‌ವರ್ಕಿಗೂ ಟಿಕ್ ಹಾಕಿದವಳಲ್ಲ ನಾನು. ಅವತ್ತು "ವೆರಿ ಗುಡ್" ಎಂದು ಒಳಗೆ ಬಂದೆ.