ದರ್ಜಿ ಮಾವನ ಸೂಜಿ
ದರ್ಜಿ ಮಾವನಿಗೆ ಸೂಜಿಯೆಂದರೆ ಲೆಕ್ಕಕ್ಕೇ ಇಲ್ಲವೆಂದು ಸೊಸೆಗೆ ಸದಾ ಬೆರಗು. ಮೂವತ್ತು ವರ್ಷದಿಂದ ದಿನಾ ಊಟಕ್ಕೆ ಮುಂಚೆ, ಗುಂಡಿ ಹೊಲಿದಷ್ಟೇ ಸಲೀಸಾಗಿ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳುವರು. ಬಿಸಿಲು ಕಾಣದ ಅಂಗಡಿಯಲ್ಲಿ ಕೂತು ಕೂತು ಮೂಳೆ ಸವೆದಿದೆಯೆಂದು ಡಾಕ್ಟರು ವಿಟಮಿನ್ ಡಿ ಬರೆದುಕೊಟ್ಟ ಮೇಲೆ, ವಾರಕ್ಕೊಂದು ಮಾತ್ರೆ ಬಾಯಿಗೆ ಹಾಕಿಕೊಂಡು, “ಇದು ಮೂಳೆಗೆ, ಅದು ಸಕ್ಕರೆಗೆ. ಇದನ್ನ ನುಂಗಿದೆ ಅಂತ ಅದನ್ನ ಬಿಟ್ರೆ ಕೆಟ್ಟೆ!” ಎಂದು ಪಾಠ ಹೇಳುವರು, ಅಳತೆ ಕೊಡಲು ಬಂದ ಗಿರಾಕಿಗಳು ಅರ್ಧ ವೈದ್ಯರಾಗಿ ಹೋಗುವರು. ಅದೇ ಸಕ್ಕರೆ ಕಾಯಿಲೆ ಹೊಸದಾಗಿ ಬಂದ ಒಂಬತ್ತು ವರ್ಷದ ಮೊಮ್ಮಗಳಿಗೆ ಮೊದಲ ಸಲ ಚುಚ್ಚಲು ಹೋದಾಗ ಮಾತ್ರ ಅವರು ಸೂಜಿಯನ್ನು ಮೂರು ಸಲ ಹತ್ತಿರ ಒಯ್ದು ಮೂರು ಸಲವೂ ಹಿಂದಕ್ಕೆ ತೆಗೆದರು. “ಕೊಡಿ ತಾತ, ನಾನೇ ಹಾಕ್ಕೋತೀನಿ,” ಎಂದು ಮಗು ತಾನೇ ಚುಚ್ಚಿಕೊಂಡಿತು. ಮಾವ ದಂಗಾಗಿ ಸೊಸೆಯತ್ತ ತಿರುಗಿದರು: “ನಂಗೆ ಇಷ್ಟು ಧೈರ್ಯ ಬರೋಕೆ ಒಂದು ವರ್ಷ ಹಿಡೀತು ಕಣಮ್ಮಾ.”