ಸಿಗ್ನಲ್ ಸ್ವಲ್ಪ ದೊಡ್ಡದು

ಕಹಿಯಾದ ಮಾತನ್ನು ಮುಖ ನೋಡಿ ಹೇಳುವ ಶಕ್ತಿಯನ್ನು ದೇವರು ನಮ್ಮ ಮೈಸೂರಿನವರಿಗೆ ಕೊಟ್ಟಿಲ್ಲ. ಸಿಟಿ ಬಸ್ಸಿನಲ್ಲಿ ನಮ್ಮ ಕಾಲು ತುಳಿದವರನ್ನೇ "ನಿಮಗೇನೂ ತೊಂದ್ರೆ ಆಗ್ಲಿಲ್ವಲ್ಲ ಸಾರ್?" ಎಂದು ವಿಚಾರಿಸುವ ಜನ ನಾವು. ಈ ದಾಕ್ಷಿಣ್ಯ ಎಂಥ ಫಜೀತಿ ತರಬಲ್ಲದೆಂದು ನನಗೆ ಕಲಿಸಿದ್ದು ಹ್ಯಾಮ್ ರೇಡಿಯೊ, ಮನೆಯಲ್ಲೇ ಕೂತು ಊರೂರಿನವರೊಡನೆ ರೇಡಿಯೊದಲ್ಲಿ ಹರಟುವ ಹವ್ಯಾಸ.

ಹೊಸ ಶತಮಾನ ಆಗತಾನೇ ಕಣ್ಣು ಬಿಟ್ಟಿತ್ತು. ರೇಡಿಯೊವನ್ನು ಕಂಪ್ಯೂಟರಿಗೆ ಜೋಡಿಸಿ, ಬಾಯಲ್ಲಿ ಆಡುವ ಮಾತನ್ನು ಬೆರಳಲ್ಲಿ ಆಡುವ ಹುಚ್ಚು ನನಗೆ ಹತ್ತಿತ್ತು. ಮೈಸೂರಿನ ರಾಜೀವನಗರದಲ್ಲಿ ನಾನು ಒತ್ತಿದ ಅಕ್ಷರ ಸಣ್ಣ ಸಿಳ್ಳೆಯಾಗಿ ಹಾರಿ, ಇನ್ನೊಂದೂರಿನ ಪರದೆಯ ಮೇಲೆ ಮತ್ತೆ ಅಕ್ಷರವಾಗಿ ಇಳಿಯುತ್ತಿತ್ತು. ಪರದೆಯಲ್ಲಿ ಒಬ್ಬೊಬ್ಬರ ಸಿಳ್ಳೆಯೂ ಶ್ಯಾವಿಗೆ ಎಳೆಯಂಥ ಒಂದು ಗೆರೆ. ಒಬ್ಬರು ಮಾತಾಡುವಷ್ಟು ಜಾಗದಲ್ಲಿ ಹಲವರು ಪಕ್ಕಪಕ್ಕ ಕೂರಬಹುದು, ಎಲ್ಲರೂ ಮೊಣಕೈ ಮಡಿಚಿಕೊಂಡರೆ.

ದಿನಾ ಸಂಜೆ ಕಾಫಿಯ ನಂತರ ಸಿಗುತ್ತಿದ್ದವರು ಧಾರವಾಡದ ದೇಸಾಯರು. ಗಂಟಲಿನ ಶಸ್ತ್ರಚಿಕಿತ್ಸೆಯಲ್ಲಿ ಅವರ ದನಿ ಹೋಗಿತ್ತು. ಒಂದು ಕಾಲಕ್ಕೆ ಮೈಕು ಹಿಡಿದರೆ ಬಿಡದ ಮನುಷ್ಯ, ಈಗ ಟೈಪ್ ಮಾಡಿಯೇ ಹರಟುತ್ತಿದ್ದರು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕಿತ್ತು. ಅವರು ತಂದದ್ದು ಬಳೆಯೋ ಬಾಳೆಯೋ ಬಲೆಯೋ, ಸಂದರ್ಭ ನೋಡಿ ನಾನು ಊಹಿಸಿಕೊಳ್ಳಬೇಕು. ಆದರೂ ಆ ಹರಟೆಯಲ್ಲಿ ಅವರ ನಗು ನನಗೆ ಕೇಳಿಸುತ್ತಿತ್ತು.

ಆಗ ಬಂದರು ಮಹದೇವಪ್ಪನವರು. ನಮ್ಮೂರಿನದೇ ಅಗ್ರಹಾರದಲ್ಲಿ ಊದುಬತ್ತಿ ವ್ಯಾಪಾರ, ಧಾರಾಳ ಮನಸ್ಸು. ಹೊಸದಾಗಿ ಈ ಸಿಳ್ಳೆಗೆ ಸೇರಿದವರು, ಕಂಪ್ಯೂಟರಿನ ದನಿಯನ್ನು ಪೂರ್ತಿ ಏರಿಸಿಟ್ಟಿದ್ದರು. ದನಿ ಅತಿಯಾದರೆ ಗೆರೆ ಒಡೆದು ಹರಡುತ್ತದೆ. ನಮ್ಮ ಶ್ಯಾವಿಗೆಗಳ ಮೇಲೆ ಅವರದು ಅಕ್ಕಿರೊಟ್ಟಿಯಂತೆ ಬಂದು ಬಿತ್ತು. ದೇಸಾಯರ ಮಾತು ಅರ್ಧರ್ಧ ಅಕ್ಷರವಾಗಿ ಚೂರಾಯಿತು.

ತಿಳಿಹೇಳಲೆಂದು ನಾನೇ ಅವರ ಮನೆಗೆ ಹೋದೆ. ನಿಪ್ಪಟ್ಟು ಬಂತು, ಕಾಫಿ ಬಂತು. ಆಂಟೆನಾ ಹೊಗಳಿದೆ, ನಿಪ್ಪಟ್ಟು ಹೊಗಳಿದೆ. ಕೊನೆಗೆ ಧೈರ್ಯ ಮಾಡಿ, "ನಿಮ್ಮ ಸಿಗ್ನಲ್ಲು ಸ್ವಲ್ಪ… ದೊಡ್ಡದಾಗೇ ಬರುತ್ತೆ ಸಾರ್" ಎಂದೆ.

"ಅದೇ ಅಲ್ವೇನ್ರೀ ಬೇಕಾಗಿರೋದು!" ಎಂದು ಅವರು ಇನ್ನೆರಡು ನಿಪ್ಪಟ್ಟು ಹಾಕಿದರು.

ಮನೆಗೆ ಬಂದ ಕೂಡಲೇ ಹೆಂಡತಿ ಕೇಳಿದಳು: "ಹೇಳಿದ್ರಾ?"

"ಹೇಳ್ದೆ."

"ಏನಂದ್ರು?"

"ಥ್ಯಾಂಕ್ಸ್ ಅಂದ್ರು."

ಮಾರನೆಯ ಸಂಜೆ ರೊಟ್ಟಿ ಇನ್ನಷ್ಟು ಅಗಲವಾಗಿತ್ತು. ನನ್ನ ಹೊಗಳಿಕೆಗೆ ಉಬ್ಬಿ ಅವರು ಪವರನ್ನೂ ಏರಿಸಿದ್ದರು. ಅವರು ಟೈಪ್ ನಿಲ್ಲಿಸಿ ಉಸಿರು ತೆಗೆದುಕೊಂಡ ಸಂದಿಯಲ್ಲಿ ದೇಸಾಯರ ಅಕ್ಷರಗಳು ನೇರ ಅವರ ಗೆರೆಯ ಮೇಲೇ ಬಂದು ನಿಂತವು: "ರೀ ಮೈಸೂರವರ, ಸ್ವಲ್ಪ ಸಣ್ಣಗ ಆಗ್ರಿ. ನನಗ ಇರೋದು ಇದೊಂದ ದನಿ. ಅದೂ ನಿಮ್ಮ ಕಾಲಾಗ ಸಿಕ್ಕದ."

ನಾನು ಕುರ್ಚಿಯಲ್ಲಿ ಬೆವೆತುಹೋದೆ. ಮಹದೇವಪ್ಪನವರ ರೊಟ್ಟಿ ಮಾಯವಾಯಿತು. ಫೋನು ಹೊಡೆದುಕೊಂಡಿತು.

"ಯಾರ್ರೀ ಅವರು? ಇದೊಂದೇ ದನಿ ಅಂದ್ರೆ?"

ಹೇಳಿದೆ. ಆ ಕಡೆಯಿಂದ ಬಂತು: "ನಿನ್ನೆ ಮನೇಗ್ ಬಂದಾಗ ಯಾಕ್ರೀ ಹೇಳ್ಲಿಲ್ಲ?"

"ಹೇಳಿದ್ನಲ್ಲ ಸಾರ್, ಸಿಗ್ನಲ್ ದೊಡ್ಡದು ಅಂತ."

"ಅದು ಹೇಳೋ ರೀತಿಯೇನ್ರೀ? ನಾನು ಸಂತೋಷದಲ್ಲಿ ಇನ್ನೂ ಏರಿಸ್ಬುಟ್ಟೆ ಕಣ್ರೀ! ಈಗ ಎಂಗೆ ಇಳಿಸೋದು, ಹೇಳಿ."

ಫೋನಿನಲ್ಲೇ ಹೇಳುತ್ತಾ ಹೋದೆ, ಅವರು ಇಳಿಸುತ್ತಾ ಬಂದರು. ಪರದೆಯಲ್ಲಿ ರೊಟ್ಟಿ ಸುರುಳಿ ಸುತ್ತಿ, ತೆಳ್ಳಗಾಗಿ, ಕೊನೆಗೆ ಒಂದು ಎಳೆಯಾಗಿ ನಿಂತಿತು. ಆ ಎಳೆಯಲ್ಲಿ ಅವರು ಮೊದಲು ಬರೆದದ್ದು: "ತಪ್ಪಾಯ್ತು ದೇಸಾಯರೇ. ಈಗ ಆರಾಮಾಗಿ ಮಾತಾಡಿ, ಕೇಳ್ತಾ ಇದೀನಿ."

"ಈಗ ಛಂದ ಆತು ನೋಡ್ರಿ. ಬರ್ರಿ, ಕೂಡ್ರಿ" ಎಂದು ದೇಸಾಯರು ಶುರುಮಾಡಿದವರು ನಿಲ್ಲಿಸಲೇ ಇಲ್ಲ. ಊದುಬತ್ತಿಯಿಂದ ಪೇಢೆಯವರೆಗೆ, ಪೇಢೆಯಿಂದ ಮೊಮ್ಮಕ್ಕಳವರೆಗೆ ಇಬ್ಬರೂ ಹರಟಿದರು. ಕೆಲವೇ ದಿನಗಳಲ್ಲಿ ಅವರ ಸ್ನೇಹ ನನ್ನದಕ್ಕಿಂತ ಗಟ್ಟಿಯಾಯಿತು.

ಹ್ಯಾಮ್‌ಗಳಲ್ಲಿ ಒಂದು ಪದ್ಧತಿಯುಂಟು. ಬಾಯಿ ತೆರೆಯುವ ಮೊದಲು "ಈ ಜಾಗ ಖಾಲಿ ಇದೆಯೇ?" ಎಂದು ಕೇಳಬೇಕು. ಒಂದು ಸಂಜೆ ಹಾಗೆಯೇ ಕೇಳಿದೆ. ಕ್ಷಣವೂ ತಡವಿಲ್ಲದೆ ಮಹದೇವಪ್ಪನವರ ಉತ್ತರ ಬಂತು: "ಇಲ್ಲ ಕಣ್ರೀ. ದೇಸಾಯರು ಮಾತಾಡ್ತಾವ್ರೆ. ಸುಮ್ನೆ ಕೂತ್ಕೊಳ್ಳಿ."

ಇಷ್ಟು ನೆಟ್ಟಗೆ ಮಾತಾಡುವ ಮೈಸೂರಿನವರನ್ನು ನಾನು ಅದೇ ಮೊದಲು ಕಂಡದ್ದು. ಆಶ್ಚರ್ಯವೆಂದರೆ, ಒಂಚೂರೂ ನೋವಾಗಲಿಲ್ಲ. ಕೈಕಟ್ಟಿ ಕೂತು ಓದಿದೆ.