ಪಟ್ಟಿಯಲ್ಲಿ ಉಳಿದ ಒಂದು ಹೆಸರು

ಮಂಡ್ಯದ ಆಂಡಾಳ್ ಬಿ.ಎಸ್ಸಿ. ಮುಗಿಸಿ ಆರೋಗ್ಯ ಸಂಶೋಧನೆಯ ತರಬೇತಿಗೆ ಸೇರಿದಳು. ಅದೇನು ಓದು ಎಂದು ಅವಳ ಮನೆಯವರಿಗೆ ಕೊನೆಗೂ ತಿಳಿಯಲಿಲ್ಲ. ಡಾಕ್ಟರೂ ಅಲ್ಲ, ನರ್ಸೂ ಅಲ್ಲ, ಊರೂರು ತಿರುಗಿ ಬಸುರಿಯರ ಬೆರಳು ಚುಚ್ಚುವುದಕ್ಕೆ ಪರೀಕ್ಷೆ ಬೇರೆ ಕೇಡು ಎಂದು ತಾಯಿ ಶ್ರೀಮತಿ ಗೊಣಗುತ್ತಿದ್ದರು. ನಿಜ ಹೇಳಬೇಕೆಂದರೆ ಆಂಡಾಳ್‌ಗೂ ಪೂರಾ ತಿಳಿದಿರಲಿಲ್ಲ. ಒಂದಂತೂ ಚೆನ್ನಾಗಿ ಗೊತ್ತಿತ್ತು: ಎಪ್ಪತ್ನಾಲ್ಕನೆಯ ಇಸವಿಯ ಈ ಕೆಲಸದ ವರದಿ ನೆಟ್ಟಗೆ ಬಂದರೆ ದಿಲ್ಲಿಯ ದೊಡ್ಡ ಓದಿಗೆ ಅವಳ ಹೆಸರು ಕಳಿಸುತ್ತೇನೆಂದು ಮೇಲಧಿಕಾರಿ ಡಾಕ್ಟರ್ ವೆಂಕಟರಾಮಯ್ಯ ಮಾತು ಕೊಟ್ಟಿದ್ದರು.

ಕೆಲಸ ಇಷ್ಟೇ. ಹಲಗೂರಿನಾಚೆ ಒಂದು ಕೆರೆ, ಅದರ ಆಚೆ ಈಚೆ ಎರಡು ಊರು. ಮೇಲಿನ ಊರಿನ ಇಪ್ಪತ್ತು ಬಸುರಿಯರಿಗೆ ರಕ್ತ ಹೆಚ್ಚಿಸುವ ಕೆಂಪು ಮಾತ್ರೆ, ದಿನಕ್ಕೊಂದು. ಕೆಳಗಿನ ಊರಿನ ಇಪ್ಪತ್ತು ಮಂದಿಗೆ ಏನೂ ಇಲ್ಲ, ತಿಂಗಳಿಗೊಮ್ಮೆ ಬೆರಳು ಚುಚ್ಚಿ ರಕ್ತ ನೋಡುವುದಷ್ಟೇ. ನಾಲ್ಕು ತಿಂಗಳು ಕಳೆದು ಎರಡೂ ಊರನ್ನು ಪಕ್ಕಪಕ್ಕ ಇಟ್ಟರೆ ಮಾತ್ರೆಯ ಗುಣ ಗೊತ್ತಾಗುತ್ತದೆ. ನೋಡಬೇಕು, ಕೈ ಹಾಕಬಾರದು. ಅದು ತರಬೇತಿಯ ಮೊದಲ ಪಾಠ.

ಮದ್ದೂರಿನಲ್ಲಿ ಒಂದು ಬಸ್ಸು, ಮಳವಳ್ಳಿಯಲ್ಲಿ ಇನ್ನೊಂದು ಬದಲಿಸಿ, ಹಲಗೂರಿನಿಂದ ನಡೆದು ಅವಳು ತಪ್ಪದೆ ಹೋದಳು. ಮೇಲಿನ ಊರಿನಲ್ಲಿ ಪ್ರತಿ ಸಲವೂ ಮಾತ್ರೆ ಡಬ್ಬಿ ಖಾಲಿ. ಎಂಥ ಒಳ್ಳೆಯ ಹೆಂಗಸರು ಎಂದುಕೊಂಡಳು.

ನಾಲ್ಕು ತಿಂಗಳಾದ ಮೇಲೆ ನೋಡಿದರೆ, ಅಯ್ಯೋ ರಾಮ, ಎರಡೂ ಊರಿನವರ ರಕ್ತ ಒಂದೇ ಸಮ ಏರಿತ್ತು! ಆಂಡಾಳ್ ತಲೆ ಕೆಟ್ಟು ಕೂತಳು. ಮಾತ್ರೆ ನುಂಗಿದವರಿಗೂ ನುಂಗದವರಿಗೂ ವ್ಯತ್ಯಾಸವಿಲ್ಲವೆಂದರೆ ಮಾತ್ರೆ ದಂಡ. ಆದರೆ ಮಾತ್ರೆ ನುಂಗದವರಿಗೆ ರಕ್ತ ಬಂದದ್ದಾದರೂ ಎಲ್ಲಿಂದ?

ಮೇಲಿನ ಊರಿನ ದೇವಿರಮ್ಮನನ್ನು ಕೇಳಿದಳು. ದಿನಾ ಮಾತ್ರೆ ನುಂಗಿದೆಯಾ ಎಂದರೆ, ದಿನ ಬಿಟ್ಟು ದಿನ ಎಂದಳು ಆಕೆ. ಮಿಕ್ಕ ಮಾತ್ರೆಗಳು ಕೆರೆ ಏರಿಯ ಮೇಲೆ ಕೆಳಗಿನ ಊರಿನ ತವರಿಗೆ ಹೋಗುತ್ತಿದ್ದವಂತೆ.

"ನಮ್ಮಣ್ಣನ ಎಂಡ್ತೀನೂ ಬಸುರಿ ಕಣಮ್ಮ. ನಾನೊಬ್ಳೇ ನುಂಗಿದ್ರೆ ಗಂಟ್ಲಲ್ಲಿ ಇಳೀತದಾ?"

ಎರಡೂ ಊರು ತಲೆತಲಾಂತರದಿಂದ ಹೆಣ್ಣು ಕೊಟ್ಟು ತಂದುಕೊಂಡವು. ತರಬೇತಿಯಲ್ಲಿ ಎಲ್ಲ ಕಲಿಸಿದ್ದರು, ಬೀಗತನ ಒಂದನ್ನು ಕಲಿಸಿರಲಿಲ್ಲ.

ಇದೇನು ಸಂಶೋಧನೆಯೋ ಬೀಗರ ಪಟ್ಟಿಯೋ ಎಂದು ವೆಂಕಟರಾಮಯ್ಯ ರೇಗಿದರು. ಕೆಳಗಿನ ಊರಿನ ಪಟ್ಟಿಯಲ್ಲಿ, ಮೇಲಿನ ಊರಿನಲ್ಲಿ ನೆಂಟರಿದ್ದವರ ಹೆಸರನ್ನೆಲ್ಲ ಹೊಡೆದುಹಾಕು, ಉಳಿದವರನ್ನು ನೋಡೋಣ ಎಂದರು. ಆಂಡಾಳ್ ಹೊಡೆಯುತ್ತಾ ಬಂದಳು. ಇಪ್ಪತ್ತರಲ್ಲಿ ಹತ್ತೊಂಬತ್ತು ಹೋದವು. ಉಳಿದವಳು ಮುದ್ದಮ್ಮ. ಎಲ್ಲಿಂದಲೋ ಬಂದು ಗದ್ದೆ ಕೂಲಿ ಮಾಡಿಕೊಂಡಿದ್ದವಳು, ತವರೂ ಇಲ್ಲ, ಹಿಂದೆಮುಂದೆ ಯಾರೂ ಇಲ್ಲ. ಅವಳ ರಕ್ತ ಮಾತ್ರ ತಿಂಗಳು ತಿಂಗಳಿಗೂ ಇಳಿದಿತ್ತು. ನಾಲ್ಕು ಸಲವೂ ಆಂಡಾಳ್ ತನ್ನ ಕೈಯಾರೆ ಬರೆದುಕೊಂಡಿದ್ದಳು.

ಡಾಕ್ಟರ ಮುಖ ಅರಳಿತು.

"ನೋಡಮ್ಮ, ವ್ಯತ್ಯಾಸ ಸಿಕ್ಕಿತು. ಇಂಥವರು ಇನ್ನು ಹತ್ತು ಜನ ಹುಡುಕು, ದಿಲ್ಲಿ ನಿನ್ನದೇ. ಹೆರಿಗೆವರೆಗೂ ಈಕೆಗೆ ಮಾತ್ರೆ ಸಿಗದ ಹಾಗೆ ನೋಡ್ಕೋ."

ಮಾರನೆಯ ದಿನ ಮದ್ದೂರಿನಲ್ಲಿ ಇಳಿದ ಆಂಡಾಳ್‌ಗೆ ಮುಂದಕ್ಕೆ ಹೋಗಬೇಕೋ ಹಿಂದಕ್ಕೋ ತಿಳಿಯಲಿಲ್ಲ. ಡಾಕ್ಟರು ಹೇಳಿದ್ದು ಪಾಠದ ಪ್ರಕಾರ ಸರಿ. ಮಾತ್ರೆ ಗುಣವುಳ್ಳದ್ದೆಂದು ತೋರಿಸಿದರೆ ನಾಳೆ ಸಾವಿರ ಮಂದಿಗೆ ಸಿಗುತ್ತದೆ, ಅದೂ ಸರಿ. ಆದರೂ ಮಳವಳ್ಳಿಯ ಎರಡು ಬಸ್ಸು ಬಿಟ್ಟಳು, ಮೂರನೆಯದನ್ನು ಹತ್ತಿದಳು. ಮುಂದೆ ದಿಲ್ಲಿಗೆ ಹೋದದ್ದು ಬೇರೆ ಯಾರೋ. ಆಂಡಾಳ್ ಮಳವಳ್ಳಿ ತಾಲ್ಲೂಕಿನಲ್ಲೇ ಮಾತ್ರೆ ಚೀಲ ಹೊತ್ತು ತಿರುಗಿದಳು, ತಾನು ಮಾಡಿದ್ದು ಸರಿಯೋ ತಪ್ಪೋ ಎಂದು ಅವಳಿಗೆ ಕೊನೆಗೂ ಬಗೆಹರಿಯಲಿಲ್ಲ.

ಆ ದಿನ ಆಂಡಾಳ್ ಹೋದಾಗ ಮುದ್ದಮ್ಮ ಜಗಲಿಯ ಮೇಲೆ ಏದುಸಿರು ಬಿಡುತ್ತಾ ಕೂತಿದ್ದಳು. ಆಂಡಾಳನ್ನು ಕಂಡು ರೂಢಿಯಂತೆ ಬೆರಳು ಚಾಚಿದಳು. ಆಂಡಾಳ್ ಆ ಕೈಗೆ ಡಬ್ಬಿ ಇಟ್ಟಳು, ದಿನಕ್ಕೊಂದು ನುಂಗು ಎಂದಳು.

"ಇದು ಮೇಲೂರೋರ್ ಮಾತ್ರೆ ಅಲ್ವಾ ಅಮ್ಮೋರೆ? ಬೆರಳು ಚುಚ್ಚಕ್ ಬತ್ತಿದ್ರಲ್ಲಾ, ಆವಾಗೂ ಚೀಲ್ದಲ್ಲಿತ್ತಾ?"

"ಇತ್ತು."

ಮುದ್ದಮ್ಮ ಬೈಯಲಿಲ್ಲ. ಒಂದು ಮಾತ್ರೆ ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ಆಮೇಲೆ ಇನ್ನೊಂದು ಕೈ ಮುಂದೆ ಚಾಚಿದಳು.

"ಚುಚ್ಚಾದಿದ್ರೆ ಚುಚ್ಚಿಬುಡಿ" ಎಂದಳು.